ಹ್ಯಾಂಡಿ ಹತ್ತಾರು ಮಳೆಗಾಲ ಬಾಳಬೇಕೇ? ಪತ್ತನಾಜೆಗೆ ಬ್ಯಾಟರಿ ಬಿಚ್ಚಿ

ಕೈಯಲ್ಲಿ ಹಿಡಿಯುವ ಡ್ಯುಯಲ್ ಬ್ಯಾಂಡ್ ಹ್ಯಾಮ್ ರೇಡಿಯೊವನ್ನು ಹ್ಯಾಮ್‌ಗಳು (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು) ಸುಮ್ನೆ ‘ಹ್ಯಾಂಡಿ’ ಅಂತಾರೆ. ಅದು ಕೈಜಾರಿ ಬಿದ್ದು ಹಾಳಾಗುವುದು ಕಡಿಮೆ. ನಮ್ಮ ಕರಾವಳಿಯಲ್ಲಂತೂ ಅದನ್ನು ಕೊಲ್ಲುವುದು ಉಪ್ಪು. ಅದರಲ್ಲೂ ಬಳಸುವ ಸೆಟ್ಟಿಗಿಂತ ಮಳೆಗಾಲವಿಡೀ ಕಪಾಟಿನಲ್ಲಿ ಮಲಗಿದ ಸೆಟ್ಟೇ ಬೇಗ ಸಾಯುತ್ತದೆ.

ಕಾರಣ ತುಂಬಾ ಸರಳ. ಗಾಳಿಯ ತೇವಾಂಶ ಶೇ 75ರ ಆಸುಪಾಸು ದಾಟಿತು ಅಂದರೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಜೂನ್‌ನಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಬೇಸಗೆಯ ಸಂಜೆ ಸೆಟ್ಟಿನ ಮೇಲೆ ಕೂತ ಪುಡಿ ಉಪ್ಪು ಆಗ ಏನೂ ಮಾಡುವುದಿಲ್ಲ. ಮಳೆ ಬಂದ ಮೇಲೆ ಅದೇ ಉಪ್ಪು ತೆಳ್ಳಗಿನ ನೀರಿನ ಪೊರೆಯಾಗುತ್ತದೆ. ಆ ಪೊರೆ ಬ್ಯಾಟರಿಯ ಪ್ಲಸ್‌ನಿಂದ ಮೈನಸ್‌ಗೆ ಕರೆಂಟು ಹರಿಸುತ್ತದೆ. ಸ್ವಿಚ್ ಆಫ್ ಇದ್ದರೂ ಅಷ್ಟೇ. ಬ್ಯಾಟರಿಯ ಕಂಬಿಗಳ ಮೇಲಿನ ಹಸಿರು ಹುಡಿ ಹಾಗೆ ಬಂದದ್ದು.

ಹಾಗಾಗಿ ನಮ್ಮ ಕಡೆ ಹ್ಯಾಂಡಿಯ ಆರೈಕೆಯನ್ನು ಊರಿನ ಲೆಕ್ಕಕ್ಕೇ ಕಟ್ಟಿಕೊಂಡರೆ ಮರೆಯುವುದಿಲ್ಲ. ತುಳುವರ ಬೇಶ ತಿಂಗಳ ಹತ್ತಕ್ಕೆ, ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಅವತ್ತು ದೊಡ್ಡ ಸಫಾಯಿ. ದೀಪಾವಳಿ ಕಳೆದು ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವಾಗ ಇನ್ನೊಂದು ಸಣ್ಣ ತಪಾಸಣೆ.

ಕೊಳ್ಳುವ ಮುಂಚೆ

ಲೈಸೆನ್ಸ್ ಮೊದಲು, ಸೆಟ್ಟು ಆಮೇಲೆ. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ವಿಯು3, ಜನರಲ್ ದರ್ಜೆಗೆ ವಿಯು2 ಎಂದು ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಿಮ್ಮ ಗುರುತು, ಸಿಗುತ್ತದೆ. ನಮ್ಮ ದೇಶದಲ್ಲಿ ಹ್ಯಾಂಡಿಗೆ ಬೇಕಾದ ಬ್ಯಾಂಡ್‌ಗಳು ಎರಡು: ವಿಎಚ್‌ಎಫ್‌ನಲ್ಲಿ 144ರಿಂದ 146 ಮೆಗಾಹರ್ಟ್ಸ್, ಯುಎಚ್‌ಎಫ್‌ನಲ್ಲಿ 434ರಿಂದ 438. ಆದರೆ ಪೇಟೆಯ ಎಷ್ಟೋ ಸೆಟ್ಟುಗಳು 136ರಿಂದ 174ರವರೆಗೂ ಮಾತಾಡಬಲ್ಲವು. ಮೀನುಗಾರಿಕೆ ಬೋಟುಗಳ ಮರೈನ್ ಚಾನೆಲ್ 16 ಇರುವುದು 156.8ರಲ್ಲಿ. ಅದು ಅಪಾಯದ ಕರೆಗೆ ಮೀಸಲು. ಬಂದರಿನ ಪಕ್ಕ ಇರುವ ನಮಗೆ ಅಲ್ಲಿ ತಪ್ಪಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವುದು ದೊಡ್ಡ ವಿಷಯ. ಸೆಟ್ಟಿನ ಮೆನುವಿನಲ್ಲೋ ಕಂಪ್ಯೂಟರ್‌ನಿಂದಲೋ ಪ್ರಸಾರದ ಮಿತಿ ಹಾಕಲು ಆದರೆ ಮೊದಲು ಅದನ್ನು ಹಾಕಿ.

ಯಾವ ಸೆಟ್ಟು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಹತ್ತು ವರ್ಷದ ಮಾತಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಇದರ ಬ್ಯಾಟರಿ ಹತ್ತು ವರ್ಷ ಸಿಗುತ್ತದಾ? ಯಾಸು ಎಫ್‌ಟಿ-60 ಹಳೆಯ ಮಾಡೆಲ್. ಪರದೆ ಸಣ್ಣದು, ಚೆಂದವೇನಿಲ್ಲ. ಆದರೆ ಅದಕ್ಕೆ ಆರು ಪೆನ್ಸಿಲ್ ಸೆಲ್ ಹಾಕುವ ಡಬ್ಬಿ ಬರುತ್ತಿತ್ತು. ಆ ಡಬ್ಬಿ ಇದ್ದವರಿಗೆ ಮೂಲ ಬ್ಯಾಟರಿ ಸತ್ತರೂ ಚಿಂತೆಯಿಲ್ಲ. ಬಾವೊಫೆಂಗ್ ಯುವಿ-5ಆರ್ ಅಗ್ಗದ್ದು, ಎಷ್ಟು ಮಾರಾಟವಾಗಿದೆ ಎಂದರೆ ಬ್ಯಾಟರಿ, ಕ್ಲಿಪ್, ಚಾರ್ಜರ್ ಎಲ್ಲಾ ಇನ್ನೂ ಸಿಗುತ್ತವೆ. ಇವೆರಡರ ನಡುವೆ ಬರುವ, ಎರಡು ವರ್ಷಕ್ಕೊಮ್ಮೆ ಹೆಸರು ಬದಲಿಸುವ ಮಾಡೆಲ್‌ಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ.

ಮೊದಲ ದಿನ

ಡಬ್ಬ ಬಿಚ್ಚಿದ ದಿನವೇ ಮೂರು ಕೆಲಸ. ಸೀರಿಯಲ್ ನಂಬರ್ ಬರೆದಿಡಿ, ಲೈಸೆನ್ಸ್ ಕಾಗದ ಮತ್ತು ಬಿಲ್ಲಿನ ಜೊತೆ. ಕೈಗೆ ಹಾಕುವ ದಾರ ಕಟ್ಟಿ. ಬೆಲ್ಟ್ ಕ್ಲಿಪ್ ನಂಬಬೇಡಿ, ಇಲ್ಲಿ ಅದರ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಒಂದು ದಿನ ಸದ್ದಿಲ್ಲದೆ ಮುರಿಯುತ್ತದೆ. ಮೂರನೆಯದು, ಚಿರ್ಪ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸೆಟ್ಟಿನ ಮೆಮೊರಿ ಓದಿಸಿ ಫೈಲ್ ಇಟ್ಟುಕೊಳ್ಳಿ. ರಿಪೀಟರ್‌ಗಳನ್ನೆಲ್ಲ (ಎತ್ತರದಲ್ಲಿ ಕೂತು ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ನಿಲಯಗಳು) ತುಂಬಿಸಿದ ಮೇಲೆ ಇನ್ನೊಂದು ಪ್ರತಿ. ಅಂದ ಹಾಗೆ, ನಕಲಿ ಚಿಪ್ಪಿನ ಪ್ರೋಗ್ರಾಮಿಂಗ್ ಕೇಬಲ್ ಹೊಸ ಕಂಪ್ಯೂಟರ್‌ನಲ್ಲಿ ಡ್ರೈವರ್ ಸಿಗದೆ ಸತಾಯಿಸುತ್ತದೆ. ಕೇಬಲ್‌ಗೆ ನೂರಿನ್ನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಬ್ಯಾಟರಿ: ಇಲ್ಲೇ ಅರ್ಧ ಆಯುಸ್ಸು

ಇಂದಿನ ಹೆಚ್ಚಿನ ಹ್ಯಾಂಡಿಗಳಲ್ಲಿ ಎರಡು ಲಿಥಿಯಂ ಅಯಾನ್ ಸೆಲ್ ಸೇರಿದ 7.4 ವೋಲ್ಟಿನ ಪ್ಯಾಕ್ ಇರುತ್ತದೆ. ಪೂರ್ತಿ ತುಂಬಿದಾಗ 8.4 ವೋಲ್ಟ್. ಈ ಸೆಲ್‌ಗಳಿಗೆ ಆಗದ ಸಂಗತಿ ಎರಡು: ಸೆಖೆ, ಮತ್ತು ತುಂಬಿದ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೂರುವುದು. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಸೆಟ್ಟು ಬಿಟ್ಟರೆ ಎರಡೂ ಒಟ್ಟಿಗೆ ಆಗುತ್ತವೆ.

ಒಂದೇ ಪ್ಯಾಕ್ ಇದ್ದರೆ ಅದನ್ನು ಯಾವಾಗಲೂ ತುಂಬಿಸಿಡಬೇಕು ಅನಿಸುತ್ತದೆ, ಸಹಜ. ಅದಕ್ಕೇ ಎರಡು ಇಟ್ಟುಕೊಳ್ಳಿ. ಒಂದು ಸೆಟ್ಟಿನಲ್ಲಿ, ದಿನಬಳಕೆಗೆ. ಇನ್ನೊಂದು ಸುಮಾರು ಅರ್ಧ ತುಂಬಿಸಿ ಹೊರಗೆ. ಮಲ್ಟಿಮೀಟರ್ ಇದ್ದವರು 7.6 ವೋಲ್ಟ್ ಹತ್ತಿರ ನಿಲ್ಲಿಸಿ. ತಿಂಗಳಿಗೊಮ್ಮೆ ಅದಲು ಬದಲು ಮಾಡಿ. ಪ್ಯಾಕಿನ ಮೇಲೆ ಕೊಂಡ ವರ್ಷವನ್ನು ಮಾರ್ಕರ್‌ನಲ್ಲಿ ಬರೆಯಿರಿ, ಇಲ್ಲವಾದರೆ ಯಾವುದು ಹಳತು ಅಂತ ಗೊತ್ತಾಗುವುದೇ ಇಲ್ಲ. ಹಳೆಯ ಸೆಟ್ಟುಗಳ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್‌ಗೆ ಬೇರೆ ಕಾಯಿಲೆ. ಅದನ್ನು ದಿನಗಟ್ಟಲೆ ಚಾರ್ಜರ್‌ನಲ್ಲೇ ಕೂರಿಸಿದರೆ ನಿಧಾನಕ್ಕೆ ಬೆಂದು ಸಾಯುತ್ತದೆ.

ಪ್ಯಾಕಿನ ಬೆನ್ನು ಉಬ್ಬಿ ಸೆಟ್ಟಿಗೆ ಸರಿಯಾಗಿ ಕೂರದಿದ್ದರೆ ಒತ್ತಿ ಕೂರಿಸಬೇಡಿ. ಮತ್ತೆ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬ್ಯಾಟರಿ ಉಳಿಸುವ ಇನ್ನೊಂದು ದಾರಿ ಪವರ್ ಕಡಿಮೆ ಮಾಡುವುದು. 5 ವ್ಯಾಟ್‌ನಿಂದ 1 ವ್ಯಾಟ್‌ಗೆ ಇಳಿಸಿದರೆ ಆಚೆಯವರ ಮೀಟರ್‌ನಲ್ಲಿ ಕಾಣುವ ವ್ಯತ್ಯಾಸ 7 ಡೆಸಿಬೆಲ್, ಅಂದರೆ ಸಿಗ್ನಲ್ ಮೀಟರ್‌ನ ಒಂದು ಮೆಟ್ಟಿಲಿಗಿಂತ (ಎಸ್-ಯೂನಿಟ್) ಸ್ವಲ್ಪ ಜಾಸ್ತಿ. ರಿಪೀಟರ್ ಚೆನ್ನಾಗಿ ಸಿಗುವ ಜಾಗದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಸೆಟ್ಟು ಮಾತ್ರ ತಣ್ಣಗಿರುತ್ತದೆ. ಉದ್ದುದ್ದ ಹರಟೆಯಲ್ಲಿ 5 ವ್ಯಾಟ್ ಬಿಟ್ಟರೆ ಹಿಂಬದಿ ಕೈಗೆ ಸುಡುತ್ತದೆ, ಒಳಗೆ ಸಿಗ್ನಲ್‌ಗೆ ಬಲ ಕೊಟ್ಟು ಆಂಟೆನಾಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರ್‌ಗೆ ಇನ್ನೂ ಜಾಸ್ತಿ.

ಆಂಟೆನಾದ ಬುಡ

ಸೆಟ್ಟಿನ ತಲೆಯ ಮೇಲೆ ಆಂಟೆನಾ ತಿರುಗಿಸಿ ಕೂರಿಸುವ ಎಸ್‌ಎಂಎ ಕನೆಕ್ಟರ್ ಬರೀ ಬೆರಳ ತುದಿಯಷ್ಟು. ಸಾಮಾನ್ಯ ಎಸ್‌ಎಂಎಯನ್ನು ಸುಮಾರು 500 ಬಾರಿ ಹಾಕಿ ತೆಗೆಯುವ ಲೆಕ್ಕದಲ್ಲಿ ಮಾಡಿರುತ್ತಾರೆ. ದಿನಕ್ಕೊಮ್ಮೆ ಆಂಟೆನಾ ಬದಲಿಸುವವರಿಗೆ ಎರಡು ವರ್ಷವೂ ಬೇಡ. ಉಪಾಯ ಸುಲಭ. ಎಸ್‌ಎಂಎಯಿಂದ ಬಿಎನ್‌ಸಿಗೆ (ಸ್ವಲ್ಪ ತಿರುಗಿಸಿದರೆ ಕೂರುವ ದೊಡ್ಡ ಕನೆಕ್ಟರ್) ಹೋಗುವ ಅಡಾಪ್ಟರ್ ಒಂದನ್ನು ತಿರುಗಿಸಿ ಕೂರಿಸಿ, ಅಲ್ಲೇ ಬಿಟ್ಟುಬಿಡಿ. ಅದರ ಬುಡಕ್ಕೆ ರಬ್ಬರ್ ವಾಷರ್ ಹಾಕಿದರೆ ಉದ್ದ ಆಂಟೆನಾದ ಒದ್ದಾಟ ಸರ್ಕಿಟ್ ಬೋರ್ಡಿನ ಬೆಸುಗೆಗೆ ಹೋಗದೆ ಸೆಟ್ಟಿನ ಮೈಗೆ ಹೋಗುತ್ತದೆ. ಕೊಳ್ಳುವಾಗ ಗಂಡು (ನಡುವೆ ಪಿನ್ನು) ಹೆಣ್ಣು (ನಡುವೆ ತೂತು) ನೋಡಿಕೊಳ್ಳಿ: ಎಫ್‌ಟಿ-60ರಲ್ಲಿ ಸೆಟ್ಟಿನ ಬದಿ ಹೆಣ್ಣು, ಯುವಿ-5ಆರ್‌ನಲ್ಲಿ ಗಂಡು. ಬೆರಳಲ್ಲಿ ಬಿಗಿ ಮಾಡಿದರೆ ಸಾಕು, ಇಕ್ಕಳ ಬೇಡ.

ಜೊತೆಗೆ ಬರುವ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ದೂರಕ್ಕಲ್ಲ. ವಿಎಚ್‌ಎಫ್‌ನ ಕಾಲು ತರಂಗ ಅಂದರೆ ಸುಮಾರು 49 ಸೆಂಟಿಮೀಟರ್. ಅಷ್ಟುದ್ದದ ಆಂಟೆನಾ ಯುಎಚ್‌ಎಫ್‌ನಲ್ಲಿ ಮುಕ್ಕಾಲು ತರಂಗವಾಗಿ ಅಲ್ಲೂ ನಡೆಯುತ್ತದೆ. ಮಳೆಗಾಲದಲ್ಲಿ ಅಡಿಕೆ ತೋಟದ ಒಳಗಿನಿಂದ ಮಾತಾಡುವವರು ವಿಎಚ್‌ಎಫ್‌ಗೇ ಅಂಟಿಕೊಳ್ಳಿ. ಒದ್ದೆ ಸೋಗೆ ಯುಎಚ್‌ಎಫ್ ಸಿಗ್ನಲ್ಲನ್ನು ಜಾಸ್ತಿ ನುಂಗುತ್ತದೆ. ಇನ್ನು ಎತ್ತರದ ವಿಷಯ: ಸಮತಟ್ಟಿನಲ್ಲಿ ನಿಂತವನ ರೇಡಿಯೊ ದಿಗಂತ ಐದೇ ಕಿಲೋಮೀಟರ್, ನೂರು ಮೀಟರ್ ಎತ್ತರದಿಂದ ನಲವತ್ತು. ಹೊಸ ಆಂಟೆನಾ ಕೊಳ್ಳುವ ಮುಂಚೆ ಕದ್ರಿ ಗುಡ್ಡವನ್ನೋ ಮಣಿಪಾಲದ ಎಂಡ್ ಪಾಯಿಂಟನ್ನೋ ಹತ್ತಿ ನೋಡಿ.

ಪತ್ತನಾಜೆಯ ಸಫಾಯಿ

ಬೇಕಾಗುವ ಸಾಮಾನು: ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಮೆತ್ತನೆ ಟೂತ್‌ಬ್ರಷ್, ಕಿವಿ ಕಡ್ಡಿ, ಪೆನ್ಸಿಲ್ ರಬ್ಬರ್, ಹಳೆಯ ಬನಿಯನ್ ಬಟ್ಟೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಅಂಟು ಬಿಡುತ್ತದೆ.

ಮೊದಲು ಬ್ಯಾಟರಿ ಬಿಚ್ಚಿ. ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಮೈ ಒರೆಸಿ. ಇದನ್ನು ಬಿಟ್ಟು ನೇರ ಆಲ್ಕೋಹಾಲ್‌ಗೆ ಹೋಗುವವರೇ ಜಾಸ್ತಿ. ಆದರೆ ಉಪ್ಪು ಕರಗುವುದು ನೀರಿನಲ್ಲಿ, ಆಲ್ಕೋಹಾಲ್‌ನಲ್ಲಿ ಅಲ್ಲ. ಆಲ್ಕೋಹಾಲ್‌ನ ಕೆಲಸ ಜಿಡ್ಡು ತೆಗೆದು ಉಳಿದ ತೇವ ಓಡಿಸುವುದು. ಆಮೇಲೆ ಸೆಟ್ಟಿನ ಹಿಂಬದಿಯ ಕಂಬಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಚಿನ್ನದ ಬಣ್ಣ ಸಮನಾಗಿದ್ದರೆ ಒರೆಸಿದರೆ ಸಾಕು. ಅಂಚಿನಲ್ಲಿ ಹಸಿರು ಚುಕ್ಕಿ ಇದ್ದರೆ ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲನೆ, ಒಂದೇ ದಿಕ್ಕಿಗೆ ಉಜ್ಜಿ. ಹುಡಿಯನ್ನು ಬ್ರಷ್‌ನಲ್ಲಿ ತೆಗೆದು ಆಲ್ಕೋಹಾಲ್ ಕಡ್ಡಿಯಿಂದ ಒರೆಸಿ. ಮರಳು ಕಾಗದ ಮುಟ್ಟಬೇಡಿ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲದಲ್ಲಿ ಇಮ್ಮಡಿ ಹಸಿರು. ಚಾರ್ಜರ್ ತೊಟ್ಟಿಲಿನ ಕಂಬಿಗಳಿಗೂ ಇದೇ ಉಪಚಾರ, ಪ್ಲಗ್ ತೆಗೆದ ಮೇಲೆ.

ಕೊಬ್ಬರಿ ಎಣ್ಣೆ ಬೇಡ. ನಮ್ಮಲ್ಲಿ ಬೀಗ, ಬಾಗಿಲ ತಿರುಗಣಿ, ಹೊಲಿಗೆ ಯಂತ್ರ ಎಲ್ಲದಕ್ಕೂ ಅದೇ ಮದ್ದು. ಸೆಟ್ಟಿನಲ್ಲಿ ಅದು ಧೂಳು ಹಿಡಿಯುತ್ತದೆ, ಕಮಟುತ್ತದೆ, ಇರುವೆ ಕರೆಯುತ್ತದೆ. ನೀರು ನಿರೋಧಕ ಸೆಟ್ಟಿನ ರಬ್ಬರ್ ಉಂಗುರಕ್ಕೆ ಏನಾದರೂ ಹಚ್ಚಲೇಬೇಕಿದ್ದರೆ ಒಂದು ಚೂರು ಸಿಲಿಕೋನ್ ಗ್ರೀಸ್.

ವಾಲ್ಯೂಮ್ ತಿರುಗಿಸುವಾಗ ಕರ ಕರ ಸದ್ದು ಬಂದರೆ ಸೆಟ್ಟಿನ ಬ್ಯಾಟರಿ ಬಿಚ್ಚಿ ಗುಬುಟನ್ನು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಹೆಚ್ಚಾಗಿ ಅಷ್ಟಕ್ಕೇ ಹೋಗುತ್ತದೆ. ಪಿಟಿಟಿಯ ರಬ್ಬರ್ ಬಿರಿದಿದ್ದರೆ ಮಳೆಗೆ ಮುಂಚೆಯೇ ಬದಲಿಸಿ, ನೀರು ಒಳಹೋಗುವ ದೊಡ್ಡ ಬಾಗಿಲು ಅದು. ಸ್ಪೀಕರ್ ಮೈಕ್ ತೂತಿನ ಮುಚ್ಚಳವೂ ಹಾಗೇ, ಕಳೆದುಹೋಗಿದ್ದರೆ ಸದ್ಯಕ್ಕೆ ಟೇಪ್ ಅಂಟಿಸಿ.

ಮಳೆಯ ನಾಲ್ಕು ತಿಂಗಳು

ಬಳಸದ ದಿನ ಬ್ಯಾಟರಿ ಬೇರೆ, ಸೆಟ್ಟು ಬೇರೆ. ಸೆಟ್ಟನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಸಿಕ್ಕರೆ ಒಳ್ಳೆಯದು, ಯಾವಾಗ ಒಣಗಿಸಬೇಕು ಅಂತ ಅದೇ ಹೇಳುತ್ತದೆ. ಪುಟ್ಟ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಡುವುದು ಮಾತ್ರ ಬೇಡ. ಆಗಸ್ಟ್‌ಗೆ ಚರ್ಮಕ್ಕೂ ಬೂಸ್ಟು, ಸೆಟ್ಟಿನ ಪರದೆಗೂ ಬೂಸ್ಟು.

ವಾರಕ್ಕೊಮ್ಮೆ ಹೊರಗೆ ತೆಗೆದು ಮಾತಾಡಿ. ಕಾಲು ಗಂಟೆ ಸಾಕು. ಒಳಗಿನ ಸಣ್ಣ ಬಿಸಿ ತೇವ ಓಡಿಸುತ್ತದೆ, ಗುಂಡಿ ಗುಬುಟುಗಳು ಜಡ್ಡುಗಟ್ಟುವುದಿಲ್ಲ. ಮಾಡಿನ ಮೇಲಿನ ಆಂಟೆನಾಗೆ ಹ್ಯಾಂಡಿ ಜೋಡಿಸುವ ಅಭ್ಯಾಸ ಇದ್ದವರು ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಕೆಲಸ ಮುಗಿದ ಕೂಡಲೇ ಕೇಬಲ್ ಬಿಚ್ಚಿಡಬೇಕು. ಸಿಡಿಲು ಹೇಳಿ ಬರುವುದಿಲ್ಲ.

ಸಮುದ್ರಕ್ಕೆ ಬಿದ್ದರೆ

ಸೆಟ್ಟಿನ ಮೇಲೆ ಐಪಿ67 ಎಂಬ ನೀರು ನಿರೋಧಕ ದರ್ಜೆ ಬರೆದಿದ್ದರೆ ಒಂದು ಮೀಟರ್ ಆಳ, ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಆ ಪರೀಕ್ಷೆ ಸಿಹಿನೀರಿನದು, ಹೊಸ ಸೆಟ್ಟಿನದು. ಆರು ವರ್ಷದ ರಬ್ಬರ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಉಪ್ಪುನೀರಿಗೆ ಬಿದ್ದ ಸೆಟ್ಟನ್ನು ಆನ್ ಮಾಡಿ ನೋಡುವ ಆಸೆ ತಡೆಯಿರಿ. ತಕ್ಷಣ ಬ್ಯಾಟರಿ ತೆಗೆದು ಸಿಹಿನೀರಲ್ಲಿ ತೊಳೆಯಿರಿ. ಒಳಗೂ ನೀರು ಹೋಗಿದ್ದರೆ ಬಿಚ್ಚಿ ಡಿಸ್ಟಿಲ್ಡ್ ವಾಟರ್‌ನಲ್ಲಿ, ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು ಫ್ಯಾನ್ ಕೆಳಗೆ ಎರಡು ಮೂರು ದಿನ ಬಿಡಬೇಕು. ಬಿಚ್ಚಲು ಧೈರ್ಯವಿಲ್ಲದಿದ್ದರೆ ಅವತ್ತೇ ಮೊಬೈಲ್ ರಿಪೇರಿಯವರ ಹತ್ತಿರ ಒಯ್ಯಿರಿ, ವಾರ ಕಾಯಬೇಡಿ. ಅಕ್ಕಿ ಡಬ್ಬಿಯಲ್ಲಿ ಹುಗಿದರೆ ನೀರು ಆರಬಹುದು, ಉಪ್ಪು ಒಳಗೇ ಕೂತಿರುತ್ತದೆ. ಮುಳುಗಿದ ಲಿಥಿಯಂ ಪ್ಯಾಕನ್ನು ಮತ್ತೆ ಬಳಸುವಂತಿಲ್ಲ. ಬೆಂಕಿ ಹಿಡಿಯುವ ಭಯವಿರುವುದರಿಂದ ಮನೆಯ ಹೊರಗಿಡಿ.

ಕಿವಿ ಸರಿ ಇದೆಯಾ?

ಸೆಟ್ಟು ಒಂದೇ ದಿನ ಕಿವುಡಾಗುವುದಿಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ. ಅದಕ್ಕೇ ದೀಪಾವಳಿ ತಪಾಸಣೆ. ಮನೆಯ ಅದೇ ಮೂಲೆಯಲ್ಲಿ, ಅದೇ ಆಂಟೆನಾದಲ್ಲಿ, ಅದೇ ರಿಪೀಟರ್ ಕೇಳಿ, ಪರದೆಯಲ್ಲಿ ಸಿಗ್ನಲ್ ಎಷ್ಟು ಕಡ್ಡಿ ಬಂತು ಅಂತ ಡೈರಿಯಲ್ಲಿ ಬರೆಯಿರಿ. ಕಡಿಮೆ ಕಂಡರೆ ಮೊದಲು ಗೆಳೆಯನ ಆಂಟೆನಾ ಹಾಕಿ ನೋಡಿ. ಹೆಚ್ಚಾಗಿ ಕಳ್ಳ ಅದೇ ಆಗಿರುತ್ತದೆ.

ಯುಎಚ್‌ಎಫ್ ಕಿವಿ ನೋಡಲು ಇನ್ನೊಂದು ಖುಷಿಯ ದಾರಿ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ರಿಪೀಟರ್ ಇದೆ. ಅದು ಚಾಲೂ ಇರುವ ದಿನಗಳಲ್ಲಿ 437.800 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಬರುವಾಗ ಡಾಪ್ಲರ್‌ನಿಂದಾಗಿ (ನಿಲ್ದಾಣದ ವೇಗಕ್ಕೆ ಆವರ್ತನ ಸರಿಯುವುದು) ಸುಮಾರು 10 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ಆದ್ದರಿಂದ 437.810ರಿಂದ 437.790ರವರೆಗೆ ಐದೈದು ಕಿಲೋಹರ್ಟ್ಸ್ ಅಂತರದಲ್ಲಿ ಐದು ಮೆಮೊರಿ ಮಾಡಿಕೊಂಡು ಒಂದೊಂದೇ ಇಳಿಯಿರಿ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗೊರಗೊರ ಸದ್ದು ಅಡಗಿಸುವ ವ್ಯವಸ್ಥೆ) ಪೂರ್ತಿ ತೆರೆದಿಡಿ. ಪಡುವಣ ದಿಕ್ಕಿಗೆ ಮರ, ಕಟ್ಟಡ ಏನೂ ಅಡ್ಡವಿಲ್ಲದ ಬೀಚು ಇದಕ್ಕೆ ಹೇಳಿ ಮಾಡಿಸಿದ ಜಾಗ. ವಾಪಸು ಬಂದ ಮೇಲೆ ಸೆಟ್ಟು ಒರೆಸಲು ಮರೆಯಬೇಡಿ, ಅಷ್ಟೇ.

ಕೈ ಬದಲಾಗುವಾಗ

ಬ್ಯಾಟರಿ ಎಲ್ಲೂ ಸಿಗದ ಕಾಲ ಬಂದರೆ, ಅಥವಾ ಹೊಸದರ ಮೇಲೆ ಮನಸ್ಸಾದರೆ, ಹಳೆಯದನ್ನು ಲೈಸೆನ್ಸ್ ಇದ್ದವರಿಗೇ ಕೊಡಿ. ಪಕ್ಕದ ಮನೆಯ ಮಕ್ಕಳಿಗೆ ಆಟಕ್ಕೆ ಕೊಡುವ ವಸ್ತು ಅಲ್ಲ ಇದು. ನಿಮ್ಮ ಕಾಲ್‌ಸೈನ್ ತೆರೆಯ ಮೇಲೆ ಬರುವಂತೆ ಮಾಡಿದ್ದರೆ ಅಳಿಸಿ. ಚಾರ್ಜರ್, ಕೇಬಲ್, ಬಿಎನ್‌ಸಿ ಅಡಾಪ್ಟರ್, ಚಿರ್ಪ್ ಫೈಲ್, ಕಡ್ಡಿ ಲೆಕ್ಕದ ಡೈರಿ ಎಲ್ಲಾ ಜೊತೆಗೇ ಹೋಗಲಿ. ಸೀರಿಯಲ್ ನಂಬರ್, ತೆಗೆದುಕೊಂಡವರ ಕಾಲ್‌ಸೈನ್, ತಾರೀಕು ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ, ಆಳಿಗೊಂದು ಪ್ರತಿ ಇಟ್ಟುಕೊಳ್ಳಿ.