ಕ್ಲಾಸ್‌ನಲ್ಲಿ ಕಾಣದ ಪ್ರಾಪರ್ಟಿಗಳನ್ನು ದಾಖಲಿಸುವುದು ಹೇಗೆ?

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್‌ನಲ್ಲಿ ಒಂದೆಡೆ `$ಗ್ರಾಹಕ->ವಯಸ್ಸು` ಎಂದಿದೆ. ಕ್ಲಾಸ್ ತೆರೆದು ನೋಡಿದರೆ ಆ ಹೆಸರಿನ ಪ್ರಾಪರ್ಟಿಯೇ (ಮಾಹಿತಿ ಇಡುವ ಜಾಗ) ಇಲ್ಲ. ಪ್ರೋಗ್ರಾಂ ಓಡುವಾಗ `__ಗೆಟ್` ಎಂಬ ಮ್ಯಾಜಿಕ್ ಮೆಥಡ್ (ಪಿಎಚ್‌ಪಿ ತಾನೇ ಕರೆಯುವ ಮೆಥಡ್) ಅದನ್ನು ಹುಡುಕಿ ಕೊಡುತ್ತಿದೆ. ಕೆಲಸ ನಡೆಯುತ್ತದೆ, ನಿಜ. ಆದರೆ ಎಡಿಟರ್ ಆ ಹೆಸರನ್ನು ಸೂಚಿಸುವುದಿಲ್ಲ, ಹೊಸದಾಗಿ ಸೇರಿದವರಿಗೆ ಏನೇನು ಲಭ್ಯ ಎಂಬುದು ತಿಳಿಯುವುದೂ ಇಲ್ಲ.

ಮೊದಲು ಹೆಸರುಗಳನ್ನು ಪಟ್ಟಿ ಮಾಡಿ. `__ಗೆಟ್` ಮತ್ತು ಬೆಲೆ (ವ್ಯಾಲ್ಯೂ) ನೀಡುವಾಗ ಓಡುವ `__ಸೆಟ್` ಒಳಗಿನ ಪ್ರತಿಯೊಂದು ಕವಲನ್ನೂ ಓದಿ. ಹೆಸರುಗಳು ಡೇಟಾಬೇಸ್‌ನಿಂದ ಬರುತ್ತಿದ್ದರೆ ಟೇಬಲ್‌ನ ರಚನೆಯನ್ನು ಎದುರಿಗಿಟ್ಟುಕೊಳ್ಳಿ. ನೆನಪನ್ನು ನಂಬಬೇಡಿ.

ನಂತರ ಕ್ಲಾಸ್‌ನ ನೆತ್ತಿಯ ಮೇಲೆಯೇ ಡಾಕ್‌ಬ್ಲಾಕ್ (ವಿವರಣೆಯ ಕಾಮೆಂಟ್) ಬರೆಯಿರಿ:

`@ಪ್ರಾಪರ್ಟಿ ಸ್ಟ್ರಿಂಗ್ $ಹೆಸರು`
`@ಪ್ರಾಪರ್ಟಿ-ರೀಡ್ ಇಂಟ್|ನಲ್ $ವಯಸ್ಸು ಜನ್ಮದಿನಾಂಕ ಇಲ್ಲದಿದ್ದರೆ ನಲ್`

ಸ್ಟ್ರಿಂಗ್ ಎಂದರೆ ಪಠ್ಯ, ಇಂಟ್ ಎಂದರೆ ಪೂರ್ಣಾಂಕ, ನಲ್ ಎಂದರೆ ಬೆಲೆಯೇ ಇಲ್ಲ. ಎರಡನೆಯ ಸಾಲನ್ನು ಗಮನಿಸಿ. ವಯಸ್ಸು ಲೆಕ್ಕ ಹಾಕಿ ಬರುವಂಥದ್ದು, ಅದಕ್ಕೆ ಬೆಲೆ ನೀಡುವಂತಿಲ್ಲ, ಹಾಗಾಗಿ ‘ರೀಡ್’. ನಲ್ ಬರಬಹುದು ಎಂಬುದನ್ನು ಮುಚ್ಚಿಟ್ಟರೆ ಬಳಸುವವರ ಲೆಕ್ಕ ತಪ್ಪುತ್ತದೆ. ಟೈಪ್ ಗೊತ್ತಿಲ್ಲವೆಂದು ಎಲ್ಲಕ್ಕೂ ‘ಮಿಕ್ಸೆಡ್’ (ಯಾವ ಟೈಪ್ ಬೇಕಾದರೂ) ಎಂದು ಬರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ; ಆ ಸಾಲು ಓದುಗನಿಗೆ ಏನನ್ನೂ ತಿಳಿಸುವುದಿಲ್ಲ.

ದಾಖಲೆಗೆಂದು ‘ಪಬ್ಲಿಕ್ $ವಯಸ್ಸು’ ಎಂದು ಘೋಷಿಸಲು ಮಾತ್ರ ಹೋಗಬೇಡಿ. ಹೊರಗಿನಿಂದ ಎಟಕುವ ಪ್ರಾಪರ್ಟಿ ಇದ್ದರೆ ಪಿಎಚ್‌ಪಿ `__ಗೆಟ್` ಅನ್ನು ಕರೆಯುವುದೇ ಇಲ್ಲ, ಲೆಕ್ಕ ಹಾಕಿದ ವಯಸ್ಸಿನ ಬದಲು ಸದ್ದಿಲ್ಲದೆ ನಲ್ ಬರುತ್ತದೆ. ಪೈಥಾನ್‌ನಲ್ಲಿ ಈ ತೊಡಕಿಲ್ಲ: ಕ್ಲಾಸ್‌ನೊಳಗೆ ಬೆಲೆ ಕೊಡದೆ `ವಯಸ್ಸು: ಇಂಟ್` ಎಂದಷ್ಟೇ ಬರೆದರೆ ಟೈಪ್ ದಾಖಲಾಗುತ್ತದೆ, `__ಗೆಟ್`ನಂಥದೇ ಕೆಲಸದ `__ಗೆಟ್‌ಆಟ್ರ್__` ಎಂದಿನಂತೆ ಕೆಲಸ ಮಾಡುತ್ತದೆ.

ಡಾಕ್‌ಬ್ಲಾಕ್ ಬರೀ ಟಿಪ್ಪಣಿ, ಯಾರನ್ನೂ ತಡೆಯುವುದಿಲ್ಲ. ವಯಸ್ಸಿಗೆ ಬೆಲೆ ನೀಡಲು ಹೊರಟರೆ `__ಸೆಟ್` ಎಕ್ಸೆಪ್ಶನ್ (ತಪ್ಪಿನ ಸಂಕೇತ) ಎಸೆಯಬೇಕು. ಪಟ್ಟಿಯಲ್ಲಿಲ್ಲದ ಹೆಸರು ಬಂದಾಗ `__ಗೆಟ್` ಕೂಡ ಹಾಗೆಯೇ ಮಾಡಲಿ. ಇಲ್ಲದಿದ್ದರೆ ‘ವಯಸು’ ಎಂಬ ಅಕ್ಷರದೋಷವೂ ನಲ್ ಆಗಿ ನುಸುಳುತ್ತದೆ. ಘೋಷಿಸದ ಪ್ರಾಪರ್ಟಿ ಸೃಷ್ಟಿಸಿದರೆ ಎಚ್ಚರಿಸುವ ವ್ಯವಸ್ಥೆ 2022ರಲ್ಲಿ ಬಂದ ಪಿಎಚ್‌ಪಿ 8.2ರಲ್ಲಿದೆ. ಆದರೆ `__ಸೆಟ್` ಮೂಲಕ ಸಾಗುವ ಬೆಲೆಗಳಿಗೆ ಅದು ಅನ್ವಯಿಸದು.

ಕೊನೆಗೆ ಪಿಎಚ್‌ಪಿಸ್ಟ್ಯಾನ್ ಓಡಿಸಿ; ಅದು ಕೋಡನ್ನು ಓದಿಯೇ ತಪ್ಪು ಹುಡುಕುವ ಉಪಕರಣ, ತಪಾಸಣೆ ಎಷ್ಟು ಬಿಗಿ ಎಂಬುದಕ್ಕೆ ಹಂತಗಳಿವೆ. ಶೂನ್ಯ ಹಂತದಲ್ಲಿ ಅದು ಮ್ಯಾಜಿಕ್ ಪ್ರಾಪರ್ಟಿಗಳ ತಂಟೆಗೆ ಹೋಗುವುದಿಲ್ಲ. ಕನಿಷ್ಠ 2ನೇ ಹಂತ ಇಡಿ. ಆಗ ನೀವು ದಾಖಲಿಸಲು ಮರೆತ ಹೆಸರುಗಳನ್ನು ಬಳಸಿದ ಜಾಗಗಳೆಲ್ಲ ಸಾಲುಸಂಖ್ಯೆಯೊಡನೆ ಎದುರಿಗೆ ಬರುತ್ತವೆ.