ಜೇಬು ಹೊಲಿದೆ, ಜೇಬು ಖಾಲಿ: ನಮ್ಮ ಹಳೇ ಬ್ಯಾಂಡಿನ ಪಂಕ್ ಹಾಡು

ಬಳ್ಳಾರಿಯಲ್ಲಿ ನಮ್ಮ ಬ್ಯಾಂಡ್ ಹಳೇದು. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್, ಕಾಲೇಜ್ ಡೇ, ಎಲ್ಲಾ ಕಡೆ ನುಡಿಸಿದ್ದೇವೆ. ಸಿನಿಮಾ ಹಾಡು ಯಾವುದೇ ಇರಲಿ, ಬೆರಳು ತಾವಾಗಿ ಓಡುತ್ತವೆ. ಪಂಕ್ ಧಾಟಿಯಲ್ಲಿ, ಅಂದರೆ ವೇಗದ, ಒರಟು ರಾಕ್ ಶೈಲಿಯಲ್ಲಿ, ಸ್ವಂತ ಹಾಡು ಮಾಡಲು ಕೂತಾಗ ವೇಗ ಬೇಗ ಬಂತು. ಗೊತ್ತಿರುವುದನ್ನೆಲ್ಲ ನುಡಿಸದೆ ಬಿಡೋದೇ ನಿಜವಾದ ಕೆಲಸ ಆಯಿತು.

ಹಾಡು ಹುಟ್ಟಿದ್ದು ಕೌಲ್ ಬಜಾರಿನಲ್ಲಿ. ನಮ್ಮ ಬೇಸ್ ಗಿಟಾರಿನವನ ಮನೆ ಪಕ್ಕ ಜೀನ್ಸ್ ಹೊಲಿಯುವ ಶೆಡ್ ಇದೆ. ಮಷಿನ್‌ಗಳು ಒಟ್ಟಿಗೆ ಓಡಿದರೆ ಗೋಡೆ ನಡುಗುತ್ತದೆ. ಕರೆಂಟ್ ಹೋದರೆ ಒಮ್ಮೆಲೇ ಎಲ್ಲಾ ಬಂದ್. ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಅಷ್ಟು ಹೊತ್ತಿನ ಕೂಲಿ ಹೋಯಿತು. ಇದನ್ನು ಮೆಲೋಡಿಯಲ್ಲಿ ಹಾಡಲು ಮನಸ್ಸು ಬರಲಿಲ್ಲ.

ಗಾಯಕ ಉದ್ದುದ್ದ ಚರಣ ಬರೆದುಕೊಂಡು ಬಂದ. "ಅಣ್ಣಾ, ಪ್ರಾಸ ಚೆನ್ನಾಗಿ ಕೂತಿದೆ ಅಲ್ವಾ?" ಅಂದ. "ಕೂತಿದೆ ತಮ್ಮಾ, ಆದ್ರೆ ಈ ಸ್ಪೀಡಿಗೆ ಉಸಿರು ಸಾಲಲ್ಲ" ಅಂದೆ. ಹೊಡೆದು ಹಾಕುತ್ತಾ ಹೋದೆವು. ಪಲ್ಲವಿಯಲ್ಲಿ ಉಳಿದದ್ದು ಇಷ್ಟೇ: "ಜೇಬು ಹೊಲಿದೆ, ಜೇಬು ಖಾಲಿ!" ಮೊದಲ ಅರ್ಧ ಅವನದು, ಉಳಿದರ್ಧ ನಾವೆಲ್ಲ ಕೂಗುವುದು.

ಗಿಟಾರಿಗೆ ಬರೀ ಪವರ್ ಕಾರ್ಡ್. ಮೂಲ ಸ್ವರ, ಅದರ ಪಂಚಮ, ಅಷ್ಟೇ. ಗಾಂಧಾರ ಸೇರಿಸಿದರೆ, ಗಿಟಾರ್ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್‌ನಲ್ಲಿ ಸದ್ದು ಕಲಸಿಹೋಗುತ್ತದೆ. ಟೆಂಪೋ ನಿಮಿಷಕ್ಕೆ 176 ಬೀಟ್. ಬೀಟಿಗೆ ಎರಡು ಹೊಡೆತ ಅಂದರೆ ನಿಮಿಷಕ್ಕೆ 352, ಎಲ್ಲವೂ ಮೇಲಿಂದ ಕೆಳಕ್ಕೇ. ಅಮೆರಿಕದ ಪಂಕ್ ಬ್ಯಾಂಡ್ ರಮೋನ್ಸ್‌ನ ಗಿಟಾರಿಸ್ಟ್ ಜಾನಿ ರಮೋನ್ ಹೀಗೇ ಬಾರಿಸುತ್ತಿದ್ದರು. 1976ರ ಅವರ ಮೊದಲ ಆಲ್ಬಮ್‌ನಲ್ಲಿ 14 ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ. ಕೈ ಮೇಲೆ ಕೆಳಗೆ ಆಡಿಸಿದರೆ ಸುಲಭ, ನಿಜ. ಆದರೆ ಪ್ರತಿ ಹೊಡೆತಕ್ಕೂ ಒಂದೇ ಏಟು ಬೀಳುವುದಿಲ್ಲ. ಭುಜ ಬಿಗಿ ಹಿಡಿದರೆ ಎರಡನೇ ಚರಣಕ್ಕೇ ಕೈ ಸೋಲುತ್ತದೆ. ಮಣಿಕಟ್ಟು ಸಡಿಲ ಬಿಟ್ಟು, ಪಿಕ್‌ನ ತುದಿ ಮಾತ್ರ ತಂತಿಗೆ ತಾಗಿಸಿದೆ.

ಒಬ್ಬರೇ ನುಡಿಸಿ ಮಿಂಚುವ ಸೋಲೋ ಬೇಡವೆಂದು ನಾನೇ ಹೇಳಿದೆ. ಕೀಬೋರ್ಡಿನವನಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ, ಅವನು ಇನ್ನೊಂದು ಗಿಟಾರ್ ಎತ್ತಿಕೊಂಡ! ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಕೂಡ 1962ರಿಂದ ನುಡಿಸುತ್ತಿದ್ದ ಹಳಬರು. ಪಂಕ್ ಗಾಳಿ ಬೀಸಿದಾಗ ಪ್ಯಾರಿಸ್‌ನಲ್ಲಿ ರೆಕಾರ್ಡ್ ಮಾಡಿದ 1978ರ ಆಲ್ಬಮ್‌ಗೆ ಗಾಯಕ ಮಿಕ್ ಜ್ಯಾಗರ್ ತಾವೂ ಗಿಟಾರ್ ಹಿಡಿದರು. ಹಳಬರು ಹೊಸ ಸದ್ದಿಗೆ ಕಿವಿ ಕೊಡಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಬೇಸ್ ಗಿಟಾರಿನವನ ಮನೆಯ ಮಹಡಿ ಕೋಣೆಯಲ್ಲಿ ರೆಕಾರ್ಡಿಂಗ್. ಸದ್ದು ಮೊಳಗದಿರಲೆಂದು ಶೆಡ್ಡಿನಿಂದ ತಂದ ಜೀನ್ಸ್ ಕಟ್‌ಪೀಸ್‌ಗಳನ್ನು ಗೋಡೆಗೆ ದಪ್ಪಗೆ ತೂಗುಹಾಕಿದೆವು. ಬಳ್ಳಾರಿ ಬೇಸಿಗೆ, ಮೈಕಿಗೆ ಸದ್ದು ಹೋಗುತ್ತೆ ಅಂತ ಫ್ಯಾನೂ ಬಂದ್. ಡ್ರಮ್ಸ್, ಬೇಸ್, ಗಿಟಾರ್ ಒಟ್ಟಿಗೆ ನುಡಿಸಿದೆವು. ನಾನು ಅದೇ ಗಿಟಾರನ್ನು ಇನ್ನೊಮ್ಮೆ ಬಾರಿಸಿದೆ, ಒಂದು ಎಡ ಸ್ಪೀಕರಿಗೆ, ಒಂದು ಬಲಕ್ಕೆ. ಡಿಸ್ಟಾರ್ಷನ್ ಹೆಚ್ಚಿಸುವ ಗೇನ್ ಜಾಸ್ತಿ ಇಡಲಿಲ್ಲ. ಎರಡು ಗಿಟಾರ್ ಸೇರಿದಾಗ ಸಾಕಷ್ಟು ದಪ್ಪ ತಾನಾಗಿ ಬರುತ್ತದೆ. ದನಿಗೆ ಎಕೋ ಹಾಕಲಿಲ್ಲ. ಕೊನೆಯಲ್ಲಿ ಸದ್ದು ನಿಧಾನ ಕರಗುವ ಫೇಡ್ ಇಲ್ಲ, ಕರೆಂಟ್ ಹೋದ ಹಾಗೆ ಎಲ್ಲರೂ ಒಟ್ಟಿಗೆ ನಿಲ್ಲುತ್ತೇವೆ.

ಕಾರ್ಯಕ್ರಮದಲ್ಲಿ ಈಗ ಇದನ್ನೇ ಮೊದಲು ನುಡಿಸುತ್ತೇವೆ. ಕೈ ಇನ್ನೂ ದಣಿದಿರುವುದಿಲ್ಲ, ಎರಡನೇ ಪಲ್ಲವಿಗೆ ಹುಡುಗರು "ಖಾಲಿ" ಅಂತ ಕೂಗಲು ಶುರು ಮಾಡಿರುತ್ತಾರೆ.