ಭತ್ತದ ಜೀನೋಮಿನಲ್ಲಿ ಜಿಗಿಯುವ ತುಣುಕುಗಳನ್ನು ಗುರುತಿಸಿದ ನನ್ನ ಅನುಭವ

ನಿಪ್ಪಾನ್‌ಬಾರೆ ಎಂಬ ಜಪಾನಿ ಭತ್ತದ ತಳಿಯ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಅನುಕ್ರಮ 2005ರಲ್ಲಿ ಪ್ರಕಟವಾದಾಗ, ಅದರ ಕನಿಷ್ಠ ಶೇ. 35ರಷ್ಟು ಭಾಗ ಟ್ರಾನ್ಸ್‌ಪೋಸಾನ್‌ಗಳಿಂದಲೇ ತುಂಬಿದೆಯೆಂದು ತಿಳಿದುಬಂತು. ಒಂದು ಜಾಗದಿಂದ ಮತ್ತೊಂದು ಜಾಗಕ್ಕೆ ಹೋಗಿ ಸೇರಬಲ್ಲ ಈ ಡಿಎನ್‌ಎ ತುಣುಕುಗಳಲ್ಲಿ ಬಹುಪಾಲು ಎಂದೋ ನಿಶ್ಚಲವಾಗಿವೆ. ಇಂದಿಗೂ ಚಲಿಸುವಂಥವು ಬೆರಳೆಣಿಕೆಯಷ್ಟು ಮಾತ್ರ. ಜಪಾನಿನ ಪ್ರಯೋಗಾಲಯವೊಂದರಲ್ಲಿ ಅಂಥದೊಂದು ಸಕ್ರಿಯ ತುಣುಕಿನ ಬೆನ್ನು ಹತ್ತಿ ಕೆಲಸ ಮಾಡುವ ಅವಕಾಶ ನನಗೆ ಸಿಕ್ಕಿತು. ಒಂದು ತುಣುಕು ಜೀನೋಮಿನಲ್ಲಿ ಇದೆಯೆಂದು ತೋರಿಸುವುದು ಸುಲಭ. ಅದು ಈಗಲೂ ಜಿಗಿಯುತ್ತಿದೆ ಎನ್ನಬೇಕಾದರೆ, ತಾಯಿಗಿಡದಲ್ಲಿ ಇಲ್ಲದ ಜಾಗದಲ್ಲಿ ಅದು ಮರಿಗಿಡದಲ್ಲಿ ಕಾಣಿಸಬೇಕು ಮತ್ತು ಆ ಗಿಡದ ಮುಂದಿನ ಪೀಳಿಗೆಗೂ ಇಳಿಯಬೇಕು. ನನ್ನ ಕೆಲಸವೆಲ್ಲ ನಿಂತಿದ್ದು ಈ ಎರಡು ಷರತ್ತುಗಳ ಮೇಲೆ.

ನಾನು ಆರಿಸಿಕೊಂಡದ್ದು ಎಂಪಿಂಗ್ ಎಂಬ, ಕೇವಲ 430 ಬೇಸ್ ಜೋಡಿಗಳ (ಡಿಎನ್‌ಎಯ ಅಕ್ಷರ ಜೋಡಿಗಳ) ಪುಟ್ಟ ತುಣುಕನ್ನು. 2003ರಲ್ಲಿ ಮೂರು ತಂಡಗಳು ಬೇರೆಬೇರೆ ದಾರಿಯಿಂದ ಇದನ್ನು ಕಂಡುಕೊಂಡವು. ಅವುಗಳಲ್ಲಿ ಒಂದು ತಂಡಕ್ಕೆ ಸುಳಿವು ಕೊಟ್ಟದ್ದು ಸಪೂರ ಹೊಟ್ಟಿನ ಕಾಳು ಬಿಡುವ ಒಂದು ರೂಪಾಂತರಿತ ಗಿಡ. ಅದರ ಸಂತತಿಯಲ್ಲಿ ಆಗಾಗ ಮಾಮೂಲಿ ಕಾಳಿನ ಗಿಡಗಳು ಹುಟ್ಟುತ್ತಿದ್ದುದಕ್ಕೆ, ಎಂಪಿಂಗ್ ಆ ಜೀನಿನಿಂದ ಹೊರಬೀಳುತ್ತಿದ್ದುದೇ ಕಾರಣವಾಗಿತ್ತು. ಎಂಪಿಂಗ್ ತಾನಾಗಿ ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಸುಮಾರು 5,300 ಬೇಸ್ ಜೋಡಿಗಳ ಪಿಂಗ್ ಎಂಬ ದೊಡ್ಡ ತುಣುಕು ತಯಾರಿಸುವ ಪ್ರೋಟೀನುಗಳೇ ಇದನ್ನು ಕತ್ತರಿಸಿ ಬೇರೆಡೆ ಸೇರಿಸುತ್ತವೆ. ನಿಪ್ಪಾನ್‌ಬಾರೆಯಲ್ಲಿ ಎಂಪಿಂಗ್‌ನ ಸುಮಾರು 50 ಪ್ರತಿಗಳಿದ್ದು, ಗದ್ದೆಯಲ್ಲಿ ಬೆಳೆದ ಗಿಡದಲ್ಲಿ ಅವು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಗಿಂಬೋಜು ಎಂಬ ಹಳೆಯ ತಳಿಯ ಇಜಿ4 ಶಾಖೆಯಲ್ಲಾದರೋ ಪ್ರತಿಗಳು ನೂರಾರು, ಪ್ರತಿ ಗಿಡದಲ್ಲಿ ಪ್ರತಿ ಪೀಳಿಗೆಗೆ ಸುಮಾರು 40 ಹೊಸ ಸೇರ್ಪಡೆಗಳು. ಹೀಗಾಗಿ ಇಜಿ4 ನನ್ನ ಮುಖ್ಯ ಸಾಮಗ್ರಿಯಾಯಿತು, ನಿಪ್ಪಾನ್‌ಬಾರೆ ಹೋಲಿಕೆಗೆ ನಿಂತಿತು.

ಗದ್ದೆಯ ಶಿಸ್ತಿನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಇಂಥ ಕೆಲಸದಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆಯೇ ಆದರೂ ಪಕ್ಕದ ಗಿಡದ ಪರಾಗ ಅಪರೂಪಕ್ಕೆ ಬಂದು ಬೀಳುವುದುಂಟು, ಮತ್ತು ಆ ಪರಾಗದ ಜೊತೆ ಬಂದ ಎಂಪಿಂಗ್ ಪ್ರತಿಗಳು ಹೊಸ ಜಿಗಿತಗಳ ವೇಷದಲ್ಲೇ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಹೂ ಅರಳುವ ಮೊದಲೇ ಪ್ರತಿ ತೆನೆಗೂ ಕಾಗದದ ಚೀಲ ಕಟ್ಟಿ, ಒಂದೊಂದು ತಾಯಿಗಿಡದ ಬೀಜವನ್ನೂ ಬೇರೆಬೇರೆಯಾಗಿ ಇಟ್ಟುಕೊಂಡೆ. ಡಿಎನ್‌ಎ ತೆಗೆಯಲು ಒಂದೇ ಗಿಡದ ಎರಡು ಬೇರೆ ತೆಂಡೆಗಳಿಂದ (ಬುಡದಲ್ಲಿ ಒಡೆದ ಕವಲುಗಳಿಂದ) ಎಲೆ ಕೊಯ್ದೆ. ಗಿಡ ಬೆಳೆಯುವಾಗ ಯಾವುದೋ ಒಂದು ಅಂಗಾಂಶದಲ್ಲಷ್ಟೇ ಆದ ಜಿಗಿತ ಒಂದು ತೆಂಡೆಯಲ್ಲಿ ಕಂಡು ಇನ್ನೊಂದರಲ್ಲಿ ಕಾಣೆಯಾಗುತ್ತದೆ. ಬೀಜದ ಮೂಲಕ ಬಂದದ್ದು ಎರಡರಲ್ಲೂ ಇರುತ್ತದೆ.

ಜಿಗಿತಗಳನ್ನು ಹುಡುಕಲು ಬಳಸಿದ್ದು ಟ್ರಾನ್ಸ್‌ಪೋಸಾನ್ ಡಿಸ್‌ಪ್ಲೇ ವಿಧಾನವನ್ನು. ಡಿಎನ್‌ಎಯನ್ನು ಎಂಎಸ್‌ಇ1 ಕಿಣ್ವದಿಂದ ಕತ್ತರಿಸಿ, ತುದಿಗಳಿಗೆ ಅಡಾಪ್ಟರ್‌ಗಳೆಂಬ, ಅನುಕ್ರಮ ಗೊತ್ತಿರುವ ಗಿಡ್ಡ ಡಿಎನ್‌ಎ ತುಂಡುಗಳನ್ನು ಬೆಸೆದು, ಎಂಪಿಂಗ್‌ನ ಒಳಗಿಂದ ಹೊರಮುಖವಾಗಿ ಹೊರಡುವ ಒಂದು ಪ್ರೈಮರ್ (ನಕಲು ಶುರುವಾಗುವ ಜಾಗವನ್ನು ನಿಗದಿಪಡಿಸುವ ಕಿರು ಡಿಎನ್‌ಎ) ಮತ್ತು ಅಡಾಪ್ಟರಿನ ಒಂದು ಪ್ರೈಮರ್ ಇಟ್ಟು ಪಿಸಿಆರ್ (ಅವುಗಳ ನಡುವಿನ ಡಿಎನ್‌ಎಯನ್ನು ಹಲವು ಪಟ್ಟು ವರ್ಧಿಸುವ ಕ್ರಿಯೆ) ಮಾಡಿದರೆ, ಎಂಪಿಂಗ್ ಕುಳಿತ ಪ್ರತಿ ಜಾಗಕ್ಕೂ ಅದರದೇ ಉದ್ದದ ಒಂದು ತುಂಡು ಸಿಗುತ್ತದೆ. ಇವನ್ನು ಉದ್ದಕ್ಕೆ ತಕ್ಕಂತೆ ಬೇರೆಬೇರೆ ಪಟ್ಟಿಗಳಾಗಿ ಬಿಡಿಸುವ ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಓಡಿಸುವಾಗ ತಾಯಿಯ ಸಾಲನ್ನು ಮಧ್ಯದಲ್ಲಿಟ್ಟು ಅಕ್ಕಪಕ್ಕದಲ್ಲಿ ಅದರ ಮರಿಗಳನ್ನು ಇಡುತ್ತಿದ್ದೆ. ನಿಪ್ಪಾನ್‌ಬಾರೆಯ ಸಾಲುಗಳು ಒಂದರ ಪ್ರತಿ ಇನ್ನೊಂದು ಎಂಬಂತೆ ಕಂಡರೆ, ಇಜಿ4 ಸಾಲುಗಳಲ್ಲಿ ದಟ್ಟವಾದ ಸಮಾನ ಪಟ್ಟಿಗಳ ನಡುವೆ ಒಂದೊಂದು ಮರಿಯಲ್ಲಿ ಮಾತ್ರ ಮೂಡಿದ ಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅಂಥ ಪಟ್ಟಿಯನ್ನು ಜೆಲ್‌ನಿಂದ ಕತ್ತರಿಸಿ ತೆಗೆದು, ಮತ್ತೆ ವರ್ಧಿಸಿ ಅನುಕ್ರಮ ಓದಿಸಿದಾಗ ಎಂಪಿಂಗ್‌ನ ತುದಿ ಮುಗಿದ ಕೂಡಲೇ ಟಿಟಿಎ ಅಥವಾ ಟಿಎಎ ಎಂಬ ಮೂರು ಅಕ್ಷರ, ಅದರ ಮುಂದೆ ಭತ್ತದ ಸ್ವಂತ ಡಿಎನ್‌ಎ ಕಾಣಬೇಕು. ಈ ಮೂರು ಅಕ್ಷರಗಳು ಸೇರ್ಪಡೆಯಾಗುವಾಗ ಇಮ್ಮಡಿಯಾಗುವುದರಿಂದ ತುಣುಕಿನ ಎರಡೂ ಬದಿಗಳಲ್ಲಿರುತ್ತವೆ. ಇಡೀ ಜೀನೋಮನ್ನು ಸಣ್ಣ ತುಂಡುಗಳಾಗಿ ಓದಿಸಿ ಸಿಕ್ಕ ಕಿರು ಓದುಗಳಲ್ಲಿ ಹುಡುಕುವಾಗಲೂ ನಾನು ನೆಚ್ಚಿಕೊಂಡದ್ದು ಇದೇ ಗುರುತನ್ನು: ಎಡ ಮತ್ತು ಬಲ ಸಂಧಿಯ (ಎಂಪಿಂಗ್ ಭತ್ತದ ಡಿಎನ್‌ಎಗೆ ಸೇರುವೆಡೆಯ) ಓದುಗಳು ಸರಿಯಾಗಿ ಮೂರು ಅಕ್ಷರಗಳಷ್ಟೇ ಒಂದರ ಮೇಲೊಂದು ಬಿದ್ದರೆ ಮಾತ್ರ ಆ ಜಾಗವನ್ನು ನನ್ನ ಯಾದಿಗೆ ಸೇರಿಸುತ್ತಿದ್ದೆ.

ಇದಾದ ಮೇಲೆ ಜಾಗದ ಎರಡೂ ಬದಿಗೆ ಪ್ರೈಮರ್ ಮಾಡಿಸಿ ಮಾಮೂಲಿ ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳಬೇಕು. ಖಾಲಿ ಜಾಗದ ಪಟ್ಟಿಗಿಂತ ತುಂಬಿದ ಜಾಗದ ಪಟ್ಟಿ 433 ಬೇಸ್ ಜೋಡಿಯಷ್ಟು ಉದ್ದವಿರುತ್ತದೆ. ಹೊಸ ಜಿಗಿತ ವರ್ಣತಂತುಗಳ ಜೋಡಿಯಲ್ಲಿ ಒಂದರ ಮೇಲಷ್ಟೇ ಇರುವುದರಿಂದ ಎರಡೂ ಪಟ್ಟಿಗಳು ಬರಬೇಕು, ಆದರೆ ಪಿಸಿಆರ್ ಚಿಕ್ಕ ತುಂಡನ್ನೇ ಹೆಚ್ಚು ವರ್ಧಿಸುವ ಕಾರಣ ಉದ್ದದ ಪಟ್ಟಿ ಕೆಲವೊಮ್ಮೆ ತೀರ ಮಸುಕಾಗಿರುತ್ತದೆ. ಇದಕ್ಕೆಂದೇ ಎಂಪಿಂಗ್‌ನ ಒಳಗಿನ ಪ್ರೈಮರನ್ನು ಪಕ್ಕದ ಪ್ರೈಮರ್ ಜೊತೆ ಸೇರಿಸಿ ಇನ್ನೊಂದು ಪ್ರತ್ಯೇಕ ಪಿಸಿಆರ್ ನಡೆಸುವುದನ್ನು ರೂಢಿ ಮಾಡಿಕೊಂಡೆ. ಕೊನೆಯ ಪುರಾವೆ ಮುಂದಿನ ಪೀಳಿಗೆಯದು: ಆ ಗಿಡದ ಬೀಜದಿಂದ ಬಂದ ಮರಿಗಳಲ್ಲಿ ಎರಡೂ ವರ್ಣತಂತುಗಳಲ್ಲಿ ತುಣುಕಿರುವವು, ಒಂದರಲ್ಲಿರುವವು, ಇಲ್ಲದವು ಎಂಬ ಮೂರು ಗುಂಪುಗಳು 1:2:1ರ ಹತ್ತಿರ ಬಂದಾಗ ಮಾತ್ರ ಅದನ್ನು ಆನುವಂಶಿಕ ಜಿಗಿತವೆಂದು ಬರೆದುಕೊಳ್ಳುತ್ತಿದ್ದೆ.

ಎಂಪಿಂಗ್ ಜೀನುಗಳ ಎಕ್ಸಾನ್‌ಗಳನ್ನು (ಜೀನಿನ ಸಿದ್ಧ ಆರ್‌ಎನ್‌ಎಯಲ್ಲಿ ಉಳಿಯುವ ಭಾಗಗಳನ್ನು) ತಪ್ಪಿಸಿ ಜೀನಿನ ಆರಂಭಕ್ಕೆ ಮುಂಚಿನ ಭಾಗದಲ್ಲಿ ಹೆಚ್ಚಾಗಿ ಸೇರುತ್ತದೆ, ಅಲ್ಲಿ ಕುಳಿತು ಕೆಲವು ಜೀನುಗಳು ಚಳಿಗೆ ಮತ್ತು ಉಪ್ಪಿಗೆ ಸ್ಪಂದಿಸುವಂತೆ ಮಾಡುತ್ತದೆ ಎಂದು 2009ರ ಒಂದು ಅಧ್ಯಯನ ತೋರಿಸಿತ್ತು. ನನ್ನನ್ನು ಈ ತುಣುಕಿನತ್ತ ಅತಿ ಹೆಚ್ಚು ಸೆಳೆದದ್ದೂ ಇದೇ. ಹೊರಗಿನಿಂದ ಏನನ್ನೂ ತಾರದೆ ಗಿಡದ ಜೀನ್ ನಿಯಂತ್ರಣ ಒಂದೆರಡು ಪೀಳಿಗೆಯಲ್ಲಿ ಬದಲಾಗುವುದನ್ನು ಕಣ್ಣೆದುರು ಅಳೆಯಬಹುದಾದ ಬೆಳೆಗಳು ಬಹಳ ಇಲ್ಲ. ನಾನೂ ಅಂಥ ಒಂದು ಜಾಗವನ್ನು ಆರಿಸಿ ಸಸಿಗಳನ್ನು ಚಳಿಗೆ ಒಡ್ಡಿ ಪಕ್ಕದ ಜೀನ್ ಎಷ್ಟು ಕೆಲಸ ಮಾಡುತ್ತಿದೆಯೆಂದು ತಿಳಿಯಲು ಅದರ ಆರ್‌ಎನ್‌ಎ ಅಳೆದೆ. ಇಜಿ4ನ ಪ್ರತಿ ಗಿಡದಲ್ಲೂ ಅದರದೇ ಆದ ಹತ್ತಾರು ಬೇರೆ ಜಿಗಿತಗಳಿರುವ ಕಾರಣ ಒಂದು ಗಿಡವನ್ನು ಇನ್ನೊಂದರೊಡನೆ ಹೋಲಿಸಿ ತೀರ್ಮಾನಕ್ಕೆ ಬರುವಂತಿಲ್ಲ. ಆದ್ದರಿಂದ ಒಂದೇ ತಾಯಿಯ ಮಕ್ಕಳಲ್ಲಿ ಆ ಜಾಗದಲ್ಲಿ ತುಣುಕಿರುವ ಹಲವು ಸಸಿಗಳನ್ನು ಒಂದು ಗುಂಪಾಗಿ, ಇಲ್ಲದ ಹಲವನ್ನು ಇನ್ನೊಂದು ಗುಂಪಾಗಿ ಇಟ್ಟು, ಉಳಿದ ಜಿಗಿತಗಳ ಪ್ರಭಾವ ಎರಡೂ ಕಡೆ ಸಮನಾಗಿ ಹಂಚಿಹೋಗುವಂತೆ ನೋಡಿಕೊಂಡು ಅಳತೆಗಳನ್ನು ಹೋಲಿಸಿದೆ.